ಕ್ರಾಪ್ಸ್ ಮೇಜು: ಯಾವ ಪಣ ಹಾಕಬೇಕು, ಯಾವುದನ್ನು ಮುಟ್ಟಲೇಬಾರದು?

ಹೊಸದಾಳ
ಲಾಸ್ ವೇಗಸ್‌ನ ಕ್ಯಾಸಿನೊಗಳಲ್ಲಿ ಕ್ರಾಪ್ಸ್ ಅನ್ನೋ ದಾಳದ ಜೂಜಿನ ಮೇಜಿನ ಸುತ್ತಲಿನ ಗದ್ದಲ ನೋಡಿದರೆ ಆಡೋಣ ಅನ್ನಿಸುತ್ತೆ, ಮೇಜಿನ ಮೇಲಿನ ಬಟ್ಟೆ ನೋಡಿದರೆ ಹಾಗೇ ವಾಪಸ್ ಬಂದುಬಿಡೋಣ ಅನ್ನಿಸುತ್ತೆ. ಅಷ್ಟೊಂದು ಚೌಕ, ಅಷ್ಟೊಂದು ಬರಹ. ಪಾಸ್ ಲೈನ್ ಅಲ್ಪಸ್ವಲ್ಪ ಅರ್ಥ ಆಗಿದೆ. ಕಮ್, ಪ್ಲೇಸ್, ಆಡ್ಸ್, ಹಾರ್ಡ್‌ವೇ ಎಲ್ಲಾ ಕಲಸುಮೇಲೋಗರ. ಕನಿಷ್ಠ ಎಷ್ಟು ಕಲಿತು ಮೇಜಿಗೆ ಹೋಗಬಹುದು? ಎಲ್ಲಿ ದುಡ್ಡು ಸುಮ್ಮನೆ ಸೋರಿಹೋಗುತ್ತೆ? ಬಲ್ಲವರು ಬಿಡಿಸಿ ಹೇಳಿ.

ಕಟ್ಟೆಗಣಿತ
ಮೊದಲು ಎರಡು ದಾಳದ ಲೆಕ್ಕ ತಲೆಯಲ್ಲಿ ಕೂರಲಿ, ಉಳಿದದ್ದೆಲ್ಲ ಅದರ ಬಾಲ. ಎರಡು ದಾಳ ಬೀಳಬಹುದಾದ ಬಗೆ 36. ಅದರಲ್ಲಿ 7 ಬರೋದು 6 ಬಗೆಯಲ್ಲಿ. 6 ಮತ್ತು 8 ತಲಾ 5, 5 ಮತ್ತು 9 ತಲಾ 4, 4 ಮತ್ತು 10 ತಲಾ 3, 3 ಮತ್ತು 11 ತಲಾ 2, ಕೊನೆಗೆ 2 ಮತ್ತು 12 ತಲಾ ಒಂದೇ ಬಗೆ. ಏಳರಿಂದ ದೂರ ಹೋದಷ್ಟೂ ಒಂದೊಂದು ಬಗೆ ಕಡಿಮೆ, ಅಷ್ಟೇ ನೆನಪಿಟ್ಟುಕೊಂಡರೂ ಸಾಕು.

ಈಗ ಆಟ. ದಾಳ ಎಸೆಯೋನು ಶೂಟರ್. ಅವನ ಮೊದಲ ಎಸೆತಕ್ಕೆ ಕಮ್-ಔಟ್ ಅಂತಾರೆ. ಆಗ ಪಾಸ್ ಲೈನ್ ಅನ್ನೋ ಪಟ್ಟಿಯ ಮೇಲೆ ಪಣ ಇಟ್ಟವರಿಗೆ 7 ಅಥವಾ 11 ಬಿದ್ದರೆ ಇಟ್ಟಷ್ಟೇ ಲಾಭ. 2, 3, 12 ಬಿದ್ದರೆ ಪಣ ಹೋಯ್ತು, ಈ ಮೂರಕ್ಕೇ ಕ್ರಾಪ್ಸ್ ಅನ್ನೋದು. ಉಳಿದ 4, 5, 6, 8, 9, 10ರಲ್ಲಿ ಯಾವುದು ಬಿತ್ತೋ ಅದು ಪಾಯಿಂಟ್. ಮೇಜು ನಡೆಸೋ ಡೀಲರ್ ಒಂದು ದುಂಡು ಬಿಲ್ಲೆಯನ್ನು ಕಪ್ಪು ಮುಖದಿಂದ ಬಿಳಿ ಮುಖಕ್ಕೆ ತಿರುಗಿಸಿ ಆ ಸಂಖ್ಯೆಯ ಮೇಲಿಡುತ್ತಾನೆ. ಆಮೇಲೆ ಅದೇ ಸಂಖ್ಯೆ ಮತ್ತೆ ಬಿದ್ದರೆ ಗೆಲುವು, ಅದಕ್ಕೂ ಮುಂಚೆ 7 ಬಿದ್ದರೆ ಸೆವೆನ್-ಔಟ್, ದಾಳ ಪಕ್ಕದವನ ಪಾಲು. ಬೇರೆ ಏನೇ ಬಿದ್ದರೂ ಪಾಸ್ ಲೈನಿಗೆ ಲೆಕ್ಕಕ್ಕಿಲ್ಲ.

ಪಗಡೆಯಲ್ಲಿ ಗರ ಬಿತ್ತು ಅಂದರೆ ಬಿತ್ತು. ಇಲ್ಲಿ ಅದೇ 7 ಮೊದಲ ಎಸೆತದಲ್ಲಿ ಗೆಲ್ಲಿಸುತ್ತೆ, ಪಾಯಿಂಟ್ ಬಿದ್ದಮೇಲೆ ಮುಳುಗಿಸುತ್ತೆ. ಹೊಸಬರು ಎಡವೋದು ಹೆಚ್ಚಾಗಿ ಇಲ್ಲೇ. ಮೇಜಿಗೆ ಬಂದ ತಕ್ಷಣ ಬಿಲ್ಲೆ ಯಾವ ಬಣ್ಣ, ಎಲ್ಲಿದೆ ನೋಡಿ. ಕಪ್ಪು ಇದ್ದರೆ ಪಾಸ್ ಲೈನ್ ಮೇಲೆ ಪಣ ಇಡಿ. ಬಿಳಿ ಇದ್ದರೆ ಕಾಯಿರಿ. ಪಾಯಿಂಟ್ ಬಿದ್ದಮೇಲೂ ಪಾಸ್ ಲೈನ್ ಮೇಲೆ ಪಣ ತಗೋತಾರೆ, ಆದರೆ ಗೆಲ್ಲೋ ಅವಕಾಶದ ಸಿಹಿ ಭಾಗ, ಅಂದರೆ ಮೊದಲ ಎಸೆತದ 7 ಮತ್ತು 11, ಆಗಲೇ ಮುಗಿದಿರುತ್ತೆ.

ಒಟ್ಟು ಲೆಕ್ಕ: 1980 ಸಲ ಆಡಿದರೆ ಸರಾಸರಿ 976 ಗೆಲುವು, 1004 ಸೋಲು. ವ್ಯತ್ಯಾಸ 28, ಅಂದರೆ ಶೇ. 1.41. ಇದೇ ಕ್ಯಾಸಿನೊದ ಪಾಲು, ಹೌಸ್ ಎಡ್ಜ್.

ಮೇಜಿನಂಚು
ಮೇಲಿನವರು ಲೆಕ್ಕ ಹೇಳಿದರು, ನಾನು ಮೇಜಿನ ರೀತಿ-ರಿವಾಜು ಹೇಳ್ತೀನಿ. ಮುಖ ಕೆಂಪಾಗೋದು ಲೆಕ್ಕ ತಪ್ಪಿದಾಗ ಅಲ್ಲ, ಕೈ ಎಲ್ಲೆಲ್ಲೋ ಇಟ್ಟಾಗ.

ದೊಡ್ಡ ಮೇಜಿಗೆ ನಾಲ್ಕು ಜನ ಕೆಲಸದವರು. ಎರಡೂ ಬದಿಗೆ ಒಬ್ಬೊಬ್ಬ ಡೀಲರ್, ಅವರ ನಡುವೆ ಚಿಪ್‌ಗಳ ರಾಶಿ ಮುಂದಿಟ್ಟುಕೊಂಡು ಕೂತ ಬಾಕ್ಸ್‌ಮ್ಯಾನ್, ಎದುರಿಗೆ ಬಾಗಿದ ಕೋಲು ಹಿಡಿದ ಸ್ಟಿಕ್‌ಮ್ಯಾನ್. ನಿಮ್ಮ ವ್ಯವಹಾರ ನಿಮ್ಮ ಬದಿಯ ಡೀಲರ್ ಜೊತೆ ಮಾತ್ರ. ಮೇಜಿನ ನಡುವಿನ ಚೌಕಗಳ ಪಣ ಮಾತ್ರ ಸ್ಟಿಕ್‌ಮ್ಯಾನ್ ಕಡೆಗೆ.

ನೋಟನ್ನು ಡೀಲರ್ ಕೈಗೆ ಕೊಡೋಕೆ ಹೋಗಬೇಡಿ, ಅವರು ಕೈಯಿಂದ ಕೈಗೆ ತಗೊಳ್ಳಲ್ಲ. ದಾಳ ಸ್ಟಿಕ್‌ಮ್ಯಾನ್ ಮುಂದೆ ಇರುವಾಗ ನೋಟನ್ನು ಮೇಜಿನ ಮೇಲೆ ಇಟ್ಟು «ಚೇಂಜ್ ಓನ್ಲಿ» ಅನ್ನಿ. ಹಾಗೆ ಹೇಳದೆ ನೋಟು ಪಾಸ್ ಲೈನ್ ಮೇಲೆ ಬಿದ್ದರೆ ಅದೇ ಪಣ ಅಂದುಕೊಳ್ಳಬಹುದು. ಚಿಪ್ ಸಾಮಾನ್ಯವಾಗಿ ಬಿಳಿ 1, ಕೆಂಪು 5, ಹಸಿರು 25, ಕಪ್ಪು 100 ಡಾಲರ್. ಬಂದ ಚಿಪ್ಪನ್ನು ನಿಮ್ಮ ಮುಂದಿನ ಕಟ್ಟೆಯ ಸಾಲಿನಲ್ಲಿ ಜೋಡಿಸಿಟ್ಟುಕೊಳ್ಳಿ, ದೊಡ್ಡವು ನಡುವೆ, ಪುಡಿ ಹೊರಗೆ.

ಸ್ಟಿಕ್‌ಮ್ಯಾನ್ ಕೋಲಿನಿಂದ ದಾಳ ಶೂಟರ್ ಕಡೆಗೆ ತಳ್ಳಿದ ಮೇಲೆ ಕೈ ಮೇಜಿನ ಒಳಗೆ ಇರಬಾರದು. ಎಸೆದ ದಾಳ ನಿಮ್ಮ ಕೈಗೆ ತಾಗಿ 7 ಬಿತ್ತೋ, ಎಂಟ್ಹತ್ತು ಜನ ನಿಮ್ಮನ್ನು ನೋಡೋ ನೋಟ ಸಾಕು. ಗ್ಲಾಸು ಕಟ್ಟೆಯ ಕೆಳಗಿನ ಶೆಲ್ಫಿನಲ್ಲಿ, ಮೇಜಿನ ಮೇಲೆ ಚಾಚಬೇಡಿ, ಬಟ್ಟೆ ಒದ್ದೆಯಾದರೆ ಆಟವೇ ನಿಲ್ಲುತ್ತೆ.

ಎಸೆಯೋ ಸರದಿ ಬಂದರೆ ಐದು ದಾಳ ಮುಂದಿಡುತ್ತಾರೆ, ಎರಡು ಆರಿಸಿಕೊಳ್ಳಿ. ಪಾಸ್ ಅಥವಾ ಅದರ ಎದುರು ಪಣವಾದ ಡೋಂಟ್ ಪಾಸ್ ಮೇಲೆ ನಿಮ್ಮದೊಂದು ಪಣ ಇರಲೇಬೇಕು. ಒಂದೇ ಕೈಯಲ್ಲಿ ಎತ್ತಿ, ಅದೇ ಕೈಯಲ್ಲಿ ಎಸೆಯಿರಿ. ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸಿದರೆ ತಕ್ಷಣ ತಡೀತಾರೆ, ದಾಳ ಬದಲಾಯಿಸಿದರೇನೋ ಅನ್ನೋ ಅನುಮಾನ. ಎದುರು ಗೋಡೆಗೆ ತಾಗಬೇಕು. ಎಸೆಯೋಕೆ ಇಷ್ಟ ಇಲ್ಲ ಅಂದರೆ ಬೇಡ ಅನ್ನಿ, ದಾಳ ಪಕ್ಕದವರಿಗೆ ಹೋಗುತ್ತೆ. ಅದರಲ್ಲಿ ಅವಮಾನ ಏನಿಲ್ಲ.

ಹೊಸದಾಳ
ಧನ್ಯವಾದ. ಆಡ್ಸ್ ಅಂತ ಬಟ್ಟೆಯ ಮೇಲೆ ಎಲ್ಲೂ ಬರೆದೇ ಇಲ್ಲವಲ್ಲ? ಎಲ್ಲಿ ಇಡೋದು?

ಕಟ್ಟೆಗಣಿತ
ಬರೆದಿಲ್ಲ, ಯಾಕಂದರೆ ಕ್ಯಾಸಿನೊಗೆ ಅದರಿಂದ ಒಂದು ಕಾಸೂ ಇಲ್ಲ. ಆಡ್ಸ್ ಅಂದರೆ ಪಾಸ್ ಲೈನ್ ಪಣದ ಜೊತೆ ಸೇರಿಸೋ ಹೆಚ್ಚುವರಿ ಪಣ. ಪಾಯಿಂಟ್ ಬಿದ್ದಮೇಲೆ ನಿಮ್ಮ ಪಾಸ್ ಲೈನ್ ಚಿಪ್ಪಿನ ಹಿಂದೆ, ಗೆರೆಯ ಹೊರಗೆ, ನಿಮ್ಮ ಕಡೆಗೆ ನೀವೇ ಇಡಬೇಕು. ಗೆದ್ದರೆ ಅದಕ್ಕೆ ಲೆಕ್ಕಕ್ಕೆ ಸರಿಯಾದ ದರದಲ್ಲೇ ಕೊಡುತ್ತಾರೆ: 4 ಮತ್ತು 10ಕ್ಕೆ ಒಂದಕ್ಕೆ ಎರಡು, 5 ಮತ್ತು 9ಕ್ಕೆ ಎರಡಕ್ಕೆ ಮೂರು, 6 ಮತ್ತು 8ಕ್ಕೆ ಐದಕ್ಕೆ ಆರು. ಇದರಲ್ಲಿ ಹೌಸ್ ಎಡ್ಜ್ ಸೊನ್ನೆ.

ಎಷ್ಟರವರೆಗೆ ಇಡಬಹುದು ಅನ್ನೋದು ಮೇಜಿನ ಫಲಕದಲ್ಲಿರುತ್ತೆ. ಹೆಚ್ಚು ಕಾಣೋದು 3-4-5 ಪದ್ಧತಿ: 4/10 ಪಾಯಿಂಟಿಗೆ ಮೂಲ ಪಣದ ಮೂರು ಪಟ್ಟು, 5/9ಕ್ಕೆ ನಾಲ್ಕು, 6/8ಕ್ಕೆ ಐದು. ಈ ವಿಚಿತ್ರ ಅಂಕಿಗಳ ಹಿಂದೆ ಡೀಲರ್ ಅನುಕೂಲ ಇದೆ. ಮೂಲ ಪಣ 10 ಅಂದುಕೊಳ್ಳಿ. 4ರ ಮೇಲೆ 30 ಇಟ್ಟರೆ ಗೆಲುವು 60. 5ರ ಮೇಲೆ 40 ಇಟ್ಟರೂ 60. 6ರ ಮೇಲೆ 50 ಇಟ್ಟರೂ 60. ಪೂರ್ತಿ ಇಟ್ಟವರಿಗೆಲ್ಲ ಮೂಲದ ಆರು ಪಟ್ಟು ಕೊಟ್ಟರಾಯ್ತು, ಲೆಕ್ಕ ಹಾಕೋ ತಲೆನೋವಿಲ್ಲ.

ಪೂರ್ತಿ ಇಡದಿದ್ದರೆ ಒಂದು ಎಚ್ಚರ. 5/9ರ ಮೇಲೆ ಸಮಸಂಖ್ಯೆ ಇಡಿ, 6/8ರ ಮೇಲೆ ಐದರ ಗುಣಕ. 9ರ ಮೇಲೆ 15 ಇಟ್ಟರೆ ಬರಬೇಕಾದದ್ದು 22.50, ಕೊಡೋದು 22. ಐವತ್ತು ಸೆಂಟ್ ಅಲ್ಲೇ ಉಳೀತು.

ಚೌಕಾಬಾರ
ಅಂದರೆ ಆಡ್ಸ್ ಹೆಚ್ಚು ಇಟ್ಟಷ್ಟೂ ನಷ್ಟ ಕಡಿಮೆ. ಹಾಗಾಗಿ ಯಾವಾಗಲೂ ಪೂರ್ತಿ ಇಡೋದೇ ಜಾಣತನ.

ಕಟ್ಟೆಗಣಿತ
ಎಲ್ಲರೂ ಹೇಳೋ ಮಾತಿದು, ಅರ್ಧ ಮಾತ್ರ ಸರಿ. ಕಡಿಮೆಯಾಗೋದು ಶೇಕಡಾವಾರು, ಡಾಲರ್ ಅಲ್ಲ. ಮೂಲ ಪಣ 15 ಡಾಲರ್ ಆದರೆ ಒಂದೊಂದು ಸುತ್ತಿಗೆ ಸರಾಸರಿ ಹೋಗೋದು 21 ಸೆಂಟ್. ಆಡ್ಸ್ ಸೊನ್ನೆ ಇಟ್ಟರೂ 21 ಸೆಂಟ್, ಪೂರ್ತಿ ಇಟ್ಟರೂ ಅದೇ 21 ಸೆಂಟ್. ಮೇಜಿನ ಮೇಲಿನ ಒಟ್ಟು ದುಡ್ಡು ದೊಡ್ಡದಾದ್ದರಿಂದ ಶೇ. 1.41 ಇದ್ದದ್ದು 3-4-5 ಪೂರ್ತಿ ಇಟ್ಟಾಗ ಶೇ. 0.37 ಅಂತ ಕಾಣುತ್ತೆ. ಮಜ್ಜಿಗೆಗೆ ನೀರು ಸುರಿದರೆ ಉಪ್ಪು ತಗ್ಗಿದ ಹಾಗೆ ಅನ್ನಿಸುತ್ತೆ, ಪಾತ್ರೆಯಲ್ಲಿರೋ ಉಪ್ಪು ಅಷ್ಟೇ.

ಬದಲಾಗೋದು ಏರಿಳಿತ. ಒಂದು ಸುತ್ತು ಮುಗಿಯೋಕೆ ಸರಾಸರಿ 3.4 ಎಸೆತ ಬೇಕು. ಗಂಟೆಗೆ ನೂರು ಎಸೆತ ಅಂದರೆ ಸುಮಾರು 30 ಸುತ್ತು. ಬರೀ 15 ಡಾಲರ್ ಪಾಸ್ ಲೈನ್ ಆಡಿದರೆ ಗಂಟೆಯ ಕೊನೆಗೆ ಮಾಮೂಲಿ ಏರಿಳಿತ 80 ಡಾಲರ್ ಆಸುಪಾಸು. ಪೂರ್ತಿ ಆಡ್ಸ್ ಜೊತೆ ಅದೇ 400 ದಾಟುತ್ತೆ. ಸರಾಸರಿ ನಷ್ಟ ಎರಡರಲ್ಲೂ ಆರೂವರೆ ಡಾಲರ್ ಒಳಗೇ. ಜೇಬಿನಲ್ಲಿ 300 ಇಟ್ಟುಕೊಂಡು ಬಂದವರು ಪೂರ್ತಿ ಆಡ್ಸ್ ಇಟ್ಟರೆ ಅರ್ಧ ಗಂಟೆಗೇ ಖಾಲಿ ಆಗೋ ಸಾಧ್ಯತೆ ಕಡಿಮೆ ಏನಲ್ಲ.

ಸರಿಯಾದ ದಾರಿ ಇದು. ಒಂದು ಸುತ್ತಿಗೆ ಒಟ್ಟು 30 ಡಾಲರ್ ಹಾಕೋ ಮನಸ್ಸಿದ್ದರೆ, 30 ಪಾಸ್ ಲೈನ್ ಮೇಲೆ ಇಡೋ ಬದಲು 15 ಪಾಸ್ ಲೈನ್, 15 ಅಥವಾ 20 ಆಡ್ಸ್. ಮೂಲ ಪಣ ಇಳಿಸಿದಾಗ ಮಾತ್ರ ಆಡ್ಸ್‌ನಿಂದ ನಿಜವಾದ ಉಳಿತಾಯ.

ಚೌಕಾಬಾರ
ಒಪ್ಪಿದೆ. ನನ್ನ ಮಾತು ತಿದ್ದಿಕೊಂಡೆ.

ಧಾರವಾಡದಾಂವ
ಆ ನಡುವಿನ ಚೌಕ ಅದಾವಲ್ಲ, ದಾಳದ ಚಿತ್ರ ಬಿಡಿಸಿದ್ದು, ಮೂವತ್ತಕ್ಕ ಒಂದು, ಹದಿನೈದಕ್ಕ ಒಂದು ಅಂತ ಬರದಿದ್ದು. ಅದರ ಬಗ್ಗೆ ಯಾರೂ ಮಾತಾಡವಲ್ರಿ. ಸ್ಟಿಕ್‌ಮ್ಯಾನ್ ಅಂತೂ ಅದನ್ನ ಕೂಗಿ ಕೂಗಿ ಮಾರತಾನ.

ಮೇಜಿನಂಚು
ಕೂಗಿ ಮಾರೋದೇ ಅವನ ಕೆಲಸ ರೀ, ಅಂಗಡಿಯ ಲಾಭ ಇರೋದೇ ಅಲ್ಲಿ. ನೋಡಿ: «ಎನಿ ಸೆವೆನ್», ಮುಂದಿನ ಎಸೆತದಲ್ಲೇ 7 ಬಿದ್ದರೆ ಒಂದಕ್ಕೆ ನಾಲ್ಕು ಕೊಡ್ತಾರೆ, ನಿಜದ ದರ ಒಂದಕ್ಕೆ ಐದು, ಕ್ಯಾಸಿನೊದ ಪಾಲು ಶೇ. 16.67. «ಎನಿ ಕ್ರಾಪ್ಸ್» ಒಂದಕ್ಕೆ ಏಳು, ಪಾಲು ಶೇ. 11.11. ಹನ್ನೊಂದಕ್ಕೆ «ಯೋ» ಅಂತಾರೆ, ಇಂಗ್ಲಿಷಿನಲ್ಲಿ ಸೆವೆನ್, ಇಲೆವೆನ್ ಗದ್ದಲದಲ್ಲಿ ಒಂದೇ ಥರ ಕೇಳಿಸುತ್ತೆ ಅಂತ. ಅದಕ್ಕೆ ಹದಿನೈದು, ಪಾಲು ಮತ್ತೆ 11.11. ಹಾರ್ಡ್ 6, ಹಾರ್ಡ್ 8 ಅಂದರೆ ಮೂರು-ಮೂರು, ನಾಲ್ಕು-ನಾಲ್ಕು ಜೋಡಿಯಾಗೇ ಬೀಳಬೇಕು, ಒಂದಕ್ಕೆ ಒಂಬತ್ತು, ಪಾಲು 9.09. ಹಾರ್ಡ್ 4, ಹಾರ್ಡ್ 10 ಒಂದಕ್ಕೆ ಏಳು, 11.11. ಬರೀ 2 ಅಥವಾ ಬರೀ 12 ಒಂದಕ್ಕೆ ಮೂವತ್ತು, ಪಾಲು 13.89.

ಬರಹದಲ್ಲೂ ಒಂದು ಕಳ್ಳಗಂಟಿದೆ. ಕೆಲವು ಮೇಜಿನಲ್ಲಿ «30 ಟು 1», ಕೆಲವಲ್ಲಿ «30 ಫಾರ್ 1». ಟು ಅಂದರೆ ಮೂವತ್ತು ಲಾಭ, ಜೊತೆಗೆ ಇಟ್ಟ ಒಂದೂ ವಾಪಸ್. ಫಾರ್ ಅಂದರೆ ಇಟ್ಟ ಒಂದನ್ನು ಅವರು ಇಟ್ಟುಕೊಂಡು ಒಟ್ಟು ಮೂವತ್ತು ಕೊಡ್ತಾರೆ, ಅಂದರೆ ಲಾಭ 29. ಆ ಒಂದೇ ಪದದಿಂದ ಪಾಲು 13.89ರಿಂದ 16.67ಕ್ಕೆ ಏರುತ್ತೆ.

ಧಾರವಾಡದಾಂವ
ಹಂಗಾರ ಒಂದಕ್ಷರದಾಗ ಜೇಬಿಗಿ ತೂತು ಬಿತ್ತು ಅನ್ರಿ. ಫೀಲ್ಡ್ ಹೆಂಗ? ಏಳು ಸಂಖ್ಯೆ ಕೊಡತಾರಲ್ಲ, ಚಲೋ ಕಾಣತೈತಿ.

ಕಟ್ಟೆಗಣಿತ
ಫೀಲ್ಡ್ ಒಂದೇ ಎಸೆತದ ಪಣ. ಏಳು ಸಂಖ್ಯೆ ಹೌದು: 2, 3, 4, 9, 10, 11, 12. ಆದರೆ ಬಗೆ ಎಣಿಸಿ: 1+2+3+4+3+2+1, ಒಟ್ಟು 16. ಬಿಟ್ಟಿರೋ ನಾಲ್ಕೇ ಸಂಖ್ಯೆ, 5, 6, 7, 8, ಅವುಗಳ ಬಗೆ 20. 2ಕ್ಕೂ 12ಕ್ಕೂ ಎರಡು ಪಟ್ಟು ಕೊಟ್ಟರೆ ಪಾಲು ಶೇ. 5.56. ಅವೆರಡರಲ್ಲಿ ಯಾವುದಾದರೂ ಒಂದಕ್ಕೆ ಮೂರು ಪಟ್ಟು ಕೊಟ್ಟರೆ 2.78. ಆ ಚೌಕದಲ್ಲೇ 2ಕ್ಕೂ 12ಕ್ಕೂ ಎಷ್ಟು ಅಂತ ಬರೆದಿರುತ್ತೆ, ಓದಿ ಆಮೇಲೆ ನಿರ್ಧರಿಸಿ. ಮೂಲೆಯಲ್ಲಿ ಬಿಗ್ 6, ಬಿಗ್ 8 ಅಂತ ಇನ್ನೂ ಎಲ್ಲಾದರೂ ಕಂಡರೆ ಅದನ್ನು ನೋಡಲೂ ಹೋಗಬೇಡಿ. ಸಮಕ್ಕೆ ಸಮ ಕೊಡುತ್ತೆ, ಪಾಲು 9.09. ಅದೇ 6, ಅದೇ 8 ಮೇಲೆ ಪ್ಲೇಸ್ ಪಣಕ್ಕೆ 1.52 ಮಾತ್ರ.

ಹೊಸದಾಳ
ಆ ಪ್ಲೇಸ್ ಪಣ ಹೇಗೆ? ಕಮ್ ಪಣಕ್ಕೂ ಅದಕ್ಕೂ ಏನು ವ್ಯತ್ಯಾಸ?

ಮೇಜಿನಂಚು
ಪ್ಲೇಸ್ ಅಂದರೆ ಸಂಖ್ಯೆ ನೀವೇ ಆರಿಸಿಕೊಳ್ಳೋದು. ಚಿಪ್ಪನ್ನು ಡೀಲರ್ ಮುಂದಿಟ್ಟು «ಪ್ಲೇಸ್ ದ ಸಿಕ್ಸ್» ಅಂದರೆ ಆತ ಚೌಕದಲ್ಲಿ ಇಡ್ತಾನೆ, ನೀವಾಗಿ ಆ ಚೌಕ ಮುಟ್ಟಬೇಡಿ. 7ಕ್ಕೆ ಮುಂಚೆ ಆ ಸಂಖ್ಯೆ ಬಿದ್ದರೆ ಗೆಲುವು. 6/8ಕ್ಕೆ ಆರಕ್ಕೆ ಏಳು, 5/9ಕ್ಕೆ ಐದಕ್ಕೆ ಏಳು, 4/10ಕ್ಕೆ ಐದಕ್ಕೆ ಒಂಬತ್ತು. ಪಾಲು ಕ್ರಮವಾಗಿ 1.52, 4, 6.67. ಆದ್ದರಿಂದ 6 ಮತ್ತು 8 ಬಿಟ್ಟು ಬೇರೆಯದಕ್ಕೆ ಪ್ಲೇಸ್ ಬೇಡ.

ಅತಿ ಸಾಮಾನ್ಯ ತಪ್ಪು: 6ರ ಮೇಲೆ 5 ಅಥವಾ 10 ಡಾಲರ್ ಇಡೋದು. 6, 12, 18, ಹೀಗೆ ಆರರ ಗುಣಕವೇ ಆಗಬೇಕು. 5 ಇಟ್ಟರೆ ಗೆದ್ದಾಗ 5 ಬರುತ್ತೆ, 6 ಇಟ್ಟರೆ 7. ಒಂದು ಡಾಲರ್ ಉಳಿಸೋಕೆ ಹೋಗಿ ಪ್ರತಿ ಗೆಲುವಿಗೂ ಎರಡು ಡಾಲರ್ ಬಿಟ್ಟ ಹಾಗೆ. ಮೇಜಿನ ಕನಿಷ್ಠ ಪಣ 15 ಇದ್ದರೆ 6/8 ಮೇಲೆ 18 ಇಡಿ.

ಕಮ್ ಅಂದರೆ ನಡುವೆ ಶುರುವಾಗೋ ಇನ್ನೊಂದು ಪಾಸ್ ಲೈನ್. ಪಾಯಿಂಟ್ ಇರುವಾಗ ಕಮ್ ಪಟ್ಟಿಯಲ್ಲಿ ಪಣ ಇಡಿ. ಮುಂದಿನ ಎಸೆತವೇ ಅದರ ಕಮ್-ಔಟ್: 7, 11 ಗೆಲುವು, 2, 3, 12 ಸೋಲು, ಬೇರೆ ಬಿದ್ದರೆ ಡೀಲರ್ ಆ ಸಂಖ್ಯೆಯ ಚೌಕಕ್ಕೆ ದಾಟಿಸ್ತಾನೆ. ಇದರ ಪಾಲೂ 1.41, ಇದಕ್ಕೂ ಆಡ್ಸ್ ಇಡಬಹುದು, ಆದರೆ ಇದನ್ನು ಡೀಲರ್ ಮುಂದಿಟ್ಟು «ಆಡ್ಸ್ ಆನ್ ಮೈ ಕಮ್» ಅನ್ನಬೇಕು. ಸುಮ್ಮನೆ ಇಟ್ಟರೆ ಹೊಸ ಕಮ್ ಪಣ ಅಂದುಕೊಂಡುಬಿಡ್ತಾರೆ.

ಎರಡು ಕಡೆ ಜನ ಎಡವುತ್ತಾರೆ. ಒಂದು, ಕಮ್ ಪಣ ಗೆದ್ದಾಗ ದುಡ್ಡನ್ನು ಕಮ್ ಪಟ್ಟಿಯಲ್ಲೇ ಇಡ್ತಾರೆ. ಎತ್ತಿಕೊಳ್ಳದಿದ್ದರೆ ಅದೇ ಮುಂದಿನ ಎಸೆತದ ಹೊಸ ಪಣ. ಎರಡು, ಪಾಯಿಂಟ್ ಗೆದ್ದು ಹೊಸ ಕಮ್-ಔಟ್ ಬಂದಾಗ ಪ್ಲೇಸ್ ಪಣಗಳೂ ಕಮ್ ಪಣದ ಆಡ್ಸ್‌ಗಳೂ ತಾವಾಗೇ ನಿದ್ದೆಗೆ ಹೋಗ್ತವೆ, ಅಂದರೆ ಗೆಲ್ಲೋದೂ ಇಲ್ಲ, ಸೋಲೋದೂ ಇಲ್ಲ. ಆಗ 7 ಬಿದ್ದರೆ ಕಮ್ ಪಣದ ಮೂಲ ಹೋಗುತ್ತೆ, ಆಡ್ಸ್ ವಾಪಸ್ ಬರುತ್ತೆ. ನನ್ನ ದುಡ್ಡು ಯಾಕೆ ಕೊಟ್ಟಿಲ್ಲ, ಯಾಕೆ ವಾಪಸ್ ಬಂತು ಅನ್ನೋ ಜಗಳ ಮುಕ್ಕಾಲು ಪಾಲು ಇದರಿಂದಲೇ.

ಚೌಕಾಬಾರ
ಡೋಂಟ್ ಪಾಸ್ ಬಗ್ಗೆ? ಪಾಸ್ ಲೈನ್ ಸೋಲೋದೇ ಹೆಚ್ಚು ಅಂದಮೇಲೆ ಎದುರು ಕಡೆ ನಿಂತರೆ ಗೆಲ್ಲಬೇಕಲ್ಲ?

ಕಟ್ಟೆಗಣಿತ
ಗೆಲ್ಲಬೇಕಿತ್ತು, ಅದಕ್ಕೇ 12ಕ್ಕೆ ಬೇಲಿ ಹಾಕಿದ್ದಾರೆ. ಡೋಂಟ್ ಪಾಸ್‌ಗೆ ಕಮ್-ಔಟ್‌ನಲ್ಲಿ 2, 3 ಗೆಲುವು, 7, 11 ಸೋಲು, 12 ಬಿದ್ದರೆ ಗೆಲುವೂ ಇಲ್ಲ ಸೋಲೂ ಇಲ್ಲ. ಬಟ್ಟೆಯ ಮೇಲೆ ಎರಡು ಆರರ ಚಿತ್ರದ ಪಕ್ಕ «ಬಾರ್» ಅಂತ ಇರೋದು ಇದೇ. ಪಾಯಿಂಟ್ ಬಿದ್ದಮೇಲೆ ಪಾಯಿಂಟಿಗೆ ಮುಂಚೆ 7 ಬಿದ್ದರೆ ಗೆಲುವು. 1980ರ ಲೆಕ್ಕದಲ್ಲಿ 12ರ ಪಾಲು 55. ಆಟಗಾರನಿಗೆ ಸಿಗಬೇಕಿದ್ದ 28ರಿಂದ ಆ 55 ಕಳೆದರೆ ಕ್ಯಾಸಿನೊಗೆ 27. ಅಂದರೆ ಶೇ. 1.36. ಒಂದೇ ಒಂದು ಬಗೆಯ ಎಸೆತ ಕಿತ್ತುಕೊಂಡು ಆಟವನ್ನೇ ತಿರುಗಿಸಿದ್ದಾರೆ, ಕೆಲಸ ಅಚ್ಚುಕಟ್ಟು.

ಪಾಸ್‌ಗಿಂತ ಕೂದಲೆಳೆ ಉತ್ತಮ ಅಷ್ಟೇ. ಒಂದು ವಿಷಯ ಗಮನಿಸಿ: ಪಾಯಿಂಟ್ ಬಿದ್ದಮೇಲೆ ಪಾಸ್ ಲೈನ್ ಪಣ ವಾಪಸ್ ತೆಗೆಯೋಕೆ ಬಿಡಲ್ಲ, ಡೋಂಟ್ ಪಾಸ್ ಪಣ ತೆಗೆಯೋಕೆ ಖುಷಿಯಿಂದ ಬಿಡ್ತಾರೆ. ಆ ಹೊತ್ತಿಗೆ ಗೆಲುವಿನ ತಕ್ಕಡಿ ನಿಮ್ಮ ಕಡೆ ವಾಲಿರುತ್ತೆ, ತೆಗೆಯಬೇಡಿ.

ಮೇಜಿನಂಚು
ಇದಕ್ಕೆ ಸೇರಿಸೋದು ಇಷ್ಟೇ: ಡೋಂಟ್ ಪಾಸ್ ಆಡಬಹುದು, ಗದ್ದಲ ಮಾಡಬೇಡಿ. ಮೇಜಿನಲ್ಲಿ ಎಲ್ಲರೂ ಸೋತಾಗ ನೀವು ಗೆಲ್ಲೋದು. ಕುಣಿದರೆ ಮದುವೆ ಮನೆಯಲ್ಲಿ ಅಪಶಕುನ ನುಡಿದ ಹಾಗೆ. ದಾಳ ಎಸೆಯುವಾಗ ಬಾಯಲ್ಲಿ ಸೆವೆನ್ ಅನ್ನೋ ಪದವೂ ಬೇಡ.

ಧಾರವಾಡದಾಂವ
ಕೈಚಳಕದಿಂದ ದಾಳ ಹಿಡಿತದಾಗ ಇಟ್ಕೊಂಡು ಎಸಿಯೋ ತರಬೇತಿ ಅಂತ ಮಾರತಾರಲ್ರಿ, ಅದು ಖರೇನೊ ಸುಳ್ಳೊ?

ಕಟ್ಟೆಗಣಿತ
ರೊಕ್ಕ ಕೊಡಬೇಡಿ ರೀ. ಎದುರು ಗೋಡೆಗೆ ಪಿರಮಿಡ್ ಆಕಾರದ ರಬ್ಬರ್ ಮುಳ್ಳು ಹಾಸಿರೋದೇ ಎಸೆತದ ಹಿಡಿತ ಮುರಿಯೋಕೆ. ದಾಳವೂ ನಮ್ಮ ಲುಡೋ ದಾಳದಂತಲ್ಲ. ಮುಕ್ಕಾಲು ಇಂಚಿನ ಪಾರದರ್ಶಕ ಸೆಲ್ಯುಲೋಸ್ ಅಸಿಟೇಟ್, ಅಂಚು ಚೂಪು, ಚುಕ್ಕೆಯ ಗುಳಿಗೆ ಅಷ್ಟೇ ಸಾಂದ್ರತೆಯ ವಸ್ತು ತುಂಬಿ ಸಮ ಮಾಡಿರ್ತಾರೆ, ಮೇಲೆ ಕ್ರಮಸಂಖ್ಯೆ. ಮೇಜಿನಿಂದ ಹೊರಗೆ ಹಾರಿದರೆ ಬಾಕ್ಸ್‌ಮ್ಯಾನ್ ತಿರುಗಿಸಿ ಪರೀಕ್ಷಿಸಿಯೇ ವಾಪಸ್ ಬಿಡೋದು.

ಉದ್ದ ಓಟ ಬರುತ್ತೆ, ಇಲ್ಲ ಅನ್ನಲ್ಲ. 2009ರ ಮೇ ತಿಂಗಳಲ್ಲಿ ಅಟ್ಲಾಂಟಿಕ್ ಸಿಟಿಯ ಬೊರ್ಗಾಟಾದಲ್ಲಿ ಪೆಟ್ರಿಷಿಯಾ ಡೆಮೌರೊ 154 ಎಸೆತ ಸೆವೆನ್-ಔಟ್ ಆಗದೆ ಎಸೆದರು. ಸರಾಸರಿ ಶೂಟರ್‌ಗೆ ಸಿಗೋದು ಎಂಟೂವರೆ ಎಸೆತ. ಹತ್ತು ಎಸೆತದಿಂದ 7 ಬಂದಿಲ್ಲ, ಈಗ ಬಂದೇ ಬರುತ್ತೆ ಅನ್ನೋದೂ ಅಷ್ಟೇ ಪೊಳ್ಳು. ದಾಳಕ್ಕೆ ನೆನಪಿಲ್ಲ. ಪ್ರತಿ ಸಲ ಆರರಲ್ಲಿ ಒಂದು.

ಕೊಲ್ಲಿತೀರ
ಕ್ಯಾಲಿಫೋರ್ನಿಯಾದಲ್ಲಿರೋ ಕನ್ನಡಿಗರಿಗೆ ಒಂದು ಮಾತು. ಅಲ್ಲಿನ ಕಾನೂನು ದಾಳದಿಂದ ಫಲಿತಾಂಶ ನಿರ್ಧರಿಸೋ ಜೂಜಿಗೆ ಅಡ್ಡ ಬರುತ್ತೆ. ಅದಕ್ಕೇ ಅಲ್ಲಿನ ಮೂಲನಿವಾಸಿ ಬುಡಕಟ್ಟುಗಳು ನಡೆಸೋ ಹಲವು ಕ್ಯಾಸಿನೊಗಳಲ್ಲಿ ಕ್ರಾಪ್ಸ್ ಇದ್ದರೂ ಫಲಿತಾಂಶ ಹೇಳೋದು ಇಸ್ಪೀಟ್ ಎಲೆ. ನಿಜವಾದ ದಾಳ ಬೇಕಾದರೆ ಗಡಿ ದಾಟಿ ನೆವಾಡಾದ ರೀನೊ ಅಥವಾ ಟಾಹೊ. ವಯಸ್ಸು 21 ತುಂಬಿರಬೇಕು, ಪಾಸ್‌ಪೋರ್ಟ್ ಜೊತೆಗಿರಲಿ.

ವೇಗಸ್‌ನಲ್ಲೇ ಕಡಿಮೆ ಪಣದ ಮೇಜು ಬೇಕಾದರೆ ದೊಡ್ಡ ಹೋಟೆಲುಗಳ ಸ್ಟ್ರಿಪ್ ಬಿಟ್ಟು ಫ್ರೀಮಾಂಟ್ ಸ್ಟ್ರೀಟ್ ಕಡೆ ನೋಡಿ, ವಾರದ ದಿನ ಬೆಳಿಗ್ಗೆ ಹೋಗಿ. ಬೆಳಿಗ್ಗೆ ಜನ ಕಡಿಮೆ, ಡೀಲರ್‌ಗಳಿಗೂ ಪುರುಸೊತ್ತು, ಕೇಳಿದ್ದಕ್ಕೆ ಉತ್ತರ ಹೇಳ್ತಾರೆ. «ಕ್ರಾಪ್‌ಲೆಸ್» ಅಂತ ಬರೆದ ಮೇಜು ಮಾತ್ರ ಬೇಡ. 2, 3, 12ಕ್ಕೆ ಮೊದಲ ಎಸೆತದಲ್ಲಿ ಸೋಲಿಲ್ಲ ಅಂತ ಆಸೆ ತೋರಿಸಿ 11ರ ಗೆಲುವನ್ನೂ ಕಿತ್ತುಕೊಂಡು ಎಲ್ಲವನ್ನೂ ಪಾಯಿಂಟ್ ಮಾಡ್ತಾರೆ. ಪಾಲು 1.41ರಿಂದ 5.38ಕ್ಕೆ ಹಾರುತ್ತೆ.

ಊರಲ್ಲಿರೋರು ಮೊಬೈಲಿನಲ್ಲಿ ದುಡ್ಡು ಕಟ್ಟಿ ಕಲಿಯೋಕೆ ಹೋಗಬೇಡಿ. 2025ರ ಕೇಂದ್ರ ಕಾನೂನು ಹಣ ಕಟ್ಟಿ ಆಡೋ ಆನ್‌ಲೈನ್ ಆಟವನ್ನೇ ನಿಷೇಧಿಸಿದೆ. ಕಲಿಯೋಕೆ ಎರಡು ಲುಡೋ ದಾಳ, ಒಂದು ಹಾಳೆ, ಹುಣಸೆ ಬೀಜ ಸಾಕು.

ಹೊಸದಾಳ
ಹುಣಸೆ ಬೀಜ ಹಿಡಿದೇ ಒಂದು ಲೆಕ್ಕ ಕೇಳ್ತೀನಿ, ಸರಿಯಾ ನೋಡಿ. ಪಾಸ್ ಲೈನ್ 10. ಪಾಯಿಂಟ್ 9. ಹಿಂದೆ ಆಡ್ಸ್ 40. ಪ್ಲೇಸ್ 6 ಮೇಲೆ 12. ಮೊದಲು 6 ಬಿತ್ತು, ಆಮೇಲೆ 9, ಆಮೇಲೆ 7. ನನ್ನ ಲೆಕ್ಕದಲ್ಲಿ 14, ಆಮೇಲೆ 60, ಕೊನೆಗೆ ಪ್ಲೇಸ್‌ನ 12 ಹೋಯ್ತು.

ಕಟ್ಟೆಗಣಿತ
14 ಸರಿ. 9 ಬಿದ್ದಾಗ ಆಡ್ಸ್‌ಗೆ 60, ಪಾಸ್ ಲೈನಿಗೆ ಇನ್ನೊಂದು 10, ಒಟ್ಟು 70. ಅದನ್ನು ಮರೆತಿರಿ. ಕೊನೆಯ 7 ಬಿದ್ದದ್ದು ಹೊಸ ಕಮ್-ಔಟ್‌ನಲ್ಲಿ. ಆಗ ಪ್ಲೇಸ್ 12 ನಿದ್ದೆಯಲ್ಲಿತ್ತು, ಹಾಗೇ ಉಳಿಯುತ್ತೆ. ಪಾಸ್ ಲೈನ್ ಮೇಲೆ 10 ಬಿಟ್ಟಿದ್ದರೆ ಆ 7ಕ್ಕೆ ಇನ್ನೂ 10 ಬರಬೇಕು.

ಹೊಸದಾಳ
ಓಹ್, ಬಿಲ್ಲೆ ಕಪ್ಪಾಗಿತ್ತು ಅನ್ನೋದನ್ನೇ ಮರೆತೆ. ಹಾಳೆಯಲ್ಲಿ ಬಿಲ್ಲೆಗೂ ಒಂದು ಗುಂಡಿ ಇಟ್ಟು ಮತ್ತೆ ಶುರು ಮಾಡ್ತೀನಿ.